ಗಾಡಿಗೆ ಉಡಿ

ನಮ್ಮವರ ಹೆಸರನ್ನು ನಾನು ಹೇಳುವುದಿಲ್ಲ. ಬೇಕಾದವರು ರೇಷನ್ ಕಾರ್ಡಿನಲ್ಲಿ ನೋಡಿಕೊಳ್ಳಬಹುದು, ಬಾಗಿಲ ಮೇಲಿನ ಹಿತ್ತಾಳೆ ಹಲಗೆಯಲ್ಲೂ ಇದೆ. ಮದುವೆಯಾಗಿ ಗದಗಿನ ಅತ್ತೆಮನೆಗೆ ಬಂದ ದಿನ ಹೆಂಗಸರೆಲ್ಲ ಹೊಸ್ತಿಲಿಗೆ ಅಡ್ಡ ನಿಂತು, ಒಡಪು ಹೇಳಿ ಅದರಲ್ಲಿ ಗಂಡನ ಹೆಸರು ಸೇರಿಸಿದರೆ ಮಾತ್ರ ಒಳಗೆ ಎಂದರು. ನಮ್ಮ ಕಡೆ ಹೆಂಡತಿ ಗಂಡನ ಹೆಸರೆತ್ತುವುದು ಅಂಥ ಸಮಯದಲ್ಲಿ ಮಾತ್ರ, ಅದೂ ಪ್ರಾಸ ಕಟ್ಟಿ. ನಮ್ಮವ್ವ ಕಲಿಸಿ ಕಳಿಸಿದ್ದ ಎರಡು ಸಾಲು ಆ ಗದ್ದಲದಲ್ಲಿ ನನಗೆ ಮರೆತೇ ಹೋಯಿತು. ಬೀಗರ ಮುಂದೆ ಕಂಬದ ಹಾಗೆ ನಿಂತೆ. ಕಡೆಗೆ, ಒಳಗೆ ಸಾರು ಆರುತ್ತಿದೆ ಎಂದು ಅತ್ತೆಯವರೇ ನನ್ನ ಪರವಾಗಿ ಮಗನ ಹೆಸರು ಹೇಳಿ, ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡರು. ಆಮೇಲೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇವರು ವಿಮೆಯ ಆಫೀಸಿನಲ್ಲಿ ನೌಕರಿ ಮಾಡಿದವರು. ವರ್ಗವಾಗಿ ಮದ್ರಾಸಿಗೆ ಬಂದೆವು. ಊರಿನ ಹೆಸರು ಚೆನ್ನೈ ಎಂದು ಬದಲಾಯಿತು, ನಾವು ಬದಲಾಗದೆ ಇಲ್ಲೇ ಉಳಿದೆವು. ಪಲ್ಲಾವರಂನಲ್ಲಿ ಒಂದು ಫ್ಲಾಟು ತೆಗೆದುಕೊಂಡು ಇವರು ನಿವೃತ್ತರಾದರು. ಮಾತು ಬಹಳ ಕಡಿಮೆ. ದಿನಕ್ಕೆ ಇಷ್ಟು ಎಂದು ಅಳೆದಿಟ್ಟುಕೊಂಡಂತೆ ಮಾತಾಡುತ್ತಾರೆ, ಅದರಲ್ಲೂ ಹೆಚ್ಚಿನ ಪಾಲು ಗಾಡಿಗೆ ಹೋಗುತ್ತದೆ.

ಗಾಡಿ ಎಂದರೆ ಒಂದು ಹಳೆಯ ಬಿಳಿ ಮಾರುತಿ. ನಮಗಿರುವುದು ರುದ್ರೇಶ್ ಒಬ್ಬನೇ, ಹೆಣ್ಣುಮಕ್ಕಳಿಲ್ಲ. ಅದಕ್ಕೋ ಏನೋ ಇವರು ಮೊದಲಿನಿಂದಲೂ ಗಾಡಿಗೆ 'ಅಕಿ' ಎನ್ನುತ್ತಾರೆ. ಒಮ್ಮೆ ಮೆಟ್ಟಿಲ ಮೇಲೆ ನಿಂತು ಯಾರಿಗೋ ಫೋನಿನಲ್ಲಿ, ಅಕಿಗೆ ಎರಡು ದಿನದಿಂದ ಆರಾಮಿಲ್ಲ, ಕೆಮ್ಮತಾಳ ಎಂದದ್ದನ್ನು ಕೇಳಿ ಎದುರು ಮನೆಯ ಅಂಬುಜಾ ನನಗೆ ಮೆಣಸಿನ ಸಾರು ಮಾಡಿಕೊಂಡು ಬಂದಿದ್ದರು. ನಾನು ಕುಡಿದೆ. ಮಾಡಿ ತಂದದ್ದನ್ನು ಬೇಡ ಎನ್ನಬಾರದು.

ಈ ಅಂಬುಜಾ ಮೈಸೂರು ಕಡೆಯವರು. ಅವರ ಯಜಮಾನರು ಕೃಷ್ಣಪ್ರಸಾದ ರೈಲ್ವೆಯಲ್ಲಿದ್ದರು, ತೀರಿಕೊಂಡು ಕೆಲವು ವರ್ಷವಾಯಿತು. ಹಿಂದಿನ ಬೀದಿಯಲ್ಲಿ ದಾಕ್ಷಾಯಿಣಿ ಇದ್ದಾಳೆ, ರಾಣೆಬೆನ್ನೂರಿನವಳು, ಗಂಡನದು ಬಟ್ಟೆ ಅಂಗಡಿ. ಅವಳ ಮೊಣಕಾಲು ಎರಡೂ ಹೋಗಿವೆ, ನಾಲಗೆ ಚೆನ್ನಾಗಿದೆ. ನಮ್ಮ ಮೂವರನ್ನೂ ಇವರು ಪ್ರತಿ ಸೋಮವಾರ ತಿರುವೊಟ್ಟಿಯೂರಿನ ಶಿವನ ಗುಡಿಗೆ ಕರೆದುಕೊಂಡು ಹೋಗುತ್ತಾರೆ. ಊರಿನ ದಕ್ಷಿಣದ ತುದಿಯಿಂದ ಉತ್ತರದ ತುದಿಗೆ. ಪಲ್ಲಾವರಂನಲ್ಲಿ ಶಿವನಿಲ್ಲವೇ ಎಂದರೆ ಇದ್ದಾನೆ. ಆದರೆ ಇವರು ವರ್ಗವಾಗಿ ಈ ಊರಿಗೆ ಮೊದಲು ಬಂದದ್ದು ತಿರುವೊಟ್ಟಿಯೂರಿನ ಶಾಖೆಗೆ, ಆಗ ಹಿಡಿದ ಸೋಮವಾರ ಅದು. ದರ್ಶನ ಮುಗಿಸಿ ಸಮುದ್ರದ ಕಡೆ ಗಾಡಿ ನಿಲ್ಲಿಸಿ, ಬಾಗಿಲು ತೆಗೆದಿಟ್ಟುಕೊಂಡು ರೊಟ್ಟಿ ತಿನ್ನುತ್ತೇವೆ. ದಾಕ್ಷಾಯಿಣಿ ವಾರಕ್ಕೆ ಮನೆಯಿಂದ ಹೊರಗೆ ಬೀಳುವುದು ಅದೊಂದೇ ದಿನ. ಅಂಬುಜಾ ಬಾಯಿ ಬಿಟ್ಟು ನಗುವುದೂ ಅಲ್ಲೇ. ಇವರಂತೂ ಮಂಗಳವಾರದಿಂದಲೇ ಸೋಮವಾರದ ದಾರಿ ಕಾಯುತ್ತಾರೆ, ಹಾಗೆಂದು ಹೇಳುವುದಿಲ್ಲ ಅಷ್ಟೇ.

ಹೀಗಿರುವಾಗ ಪೆಟ್ರೋಲು ನೂರು ದಾಟಿತು.

ದಾಟಿದ ದಿನ ಇವರು ಪೇಪರನ್ನು ಮಡಚಿ, ಬಿಚ್ಚಿ, ಮತ್ತೆ ಓದಿದರು. ಮರುದಿನದಿಂದ ಗಾಡಿ ಓಡಿಸುವ ರೀತಿ ಬದಲಾಯಿತು. ಮೊದಲು ಹೋದದ್ದು ಎ.ಸಿ. ಸಿಗ್ನಲ್ಲಿನಲ್ಲಿ ಎ.ಸಿ. ಬಂದ್, ಕೆಂಪು ದೀಪ ಉದ್ದವಾದರೆ ಇಂಜಿನ್ನೂ ಬಂದ್. ಚೆನ್ನೈ ಅಂಗೈಯ ಹಾಗೆ ಸಪಾಟಾದ ಊರು, ಇಳಿಜಾರು ಬೇಕೆಂದರೆ ಮೇಲ್ಸೇತುವೆಗೇ ಹೋಗಬೇಕು. ಆದ್ದರಿಂದ ಇವರು ಎಲ್ಲೆಲ್ಲಿ ಮೇಲ್ಸೇತುವೆ ಇದೆಯೋ ಅದನ್ನೆಲ್ಲ ಹತ್ತತೊಡಗಿದರು. ಕತ್ತಿಪಾರಾ ಸೇತುವೆಯ ನೆತ್ತಿ ತಲುಪಿದ ಕೂಡಲೇ ಇಂಜಿನ್ ಆರಿಸಿಬಿಡುವರು. ಗಾಡಿ ಸದ್ದಿಲ್ಲದೆ ಕೆಳಗೆ ಇಳಿಯುವುದು. ಹಿಂದಿನ ಸೀಟಿನಲ್ಲಿ ದಾಕ್ಷಾಯಿಣಿ ಪಂಚಾಕ್ಷರಿ ಶುರು ಮಾಡುವಳು. ಅದು ಅಪಾಯ, ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ ಎಂದು ರುದ್ರೇಶ್ ಬಡಕೊಂಡ. ಹತ್ತಲಿಕ್ಕೆ ಖರ್ಚಾದ ಪೆಟ್ರೋಲು ಇಳಿಯುವಾಗ ಉಳಿದೀತೇ ಎಂದು ನಾನೂ ಕೇಳಿದೆ. ಇವರು ಮುಂದಿನ ಮೇಲ್ಸೇತುವೆ ಹತ್ತಿದರು.

ಆಮೇಲೆ ಭಾರ ಇಳಿಸುವ ಕಾರ್ಯಕ್ರಮ. ಡಿಕ್ಕಿಯಲ್ಲಿದ್ದ ಕೊಡೆ ಇಳಿಯಿತು, ಚಾಪೆ ಇಳಿಯಿತು, ಮೂರು ವರ್ಷದಿಂದ ಮಲಗಿದ್ದ ಹಳೆಯ ಬ್ಯಾಟರಿ ಇಳಿಯಿತು. ಸ್ಟೆಪ್ನಿಯೂ ಇಳಿಯಿತು. ಎರಡನೇ ವಾರಕ್ಕೇ ಗಿಂಡಿಯ ಹತ್ತಿರ ಪಂಕ್ಚರ್ ಆಗಿ, ಸ್ಟೆಪ್ನಿ ಮತ್ತೆ ಏರಿತು. ಇಳಿಸಲು ಇನ್ನೇನಿದೆ ಎಂದು ಒಮ್ಮೆ ಒಳಗೆಲ್ಲ ಕಣ್ಣಾಡಿಸಿದರು. ಕಣ್ಣು ನನ್ನ ಮೇಲೆ ಬಂದು ನಿಂತಿತು. ನಾನು ಇಳಿಸುವ ಸಾಮಾನಲ್ಲ ಎಂದು ಆಗಲೇ ಸ್ಪಷ್ಟವಾಗಿ ಹೇಳಿದೆ.

ಪೆಟ್ರೋಲಿಗೂ ಬೆಂಡೆಕಾಯಿಗೂ ಏನು ಸಂಬಂಧ ಎಂಬುದು ನನಗೆ ಗೊತ್ತಾದದ್ದು ಪಲ್ಲಾವರಂನ ಶುಕ್ರವಾರದ ಸಂತೆಯಲ್ಲಿ. ತರಕಾರಿಯವಳು ಲಾರಿ ಬಾಡಿಗೆ ಏರಿದೆ ಎಂದಳು. ಹಣ್ಣಿನವನೂ ಲಾರಿ ಬಾಡಿಗೆ ಎಂದ. ಹೂವಿನವಳೂ ಲಾರಿ ಬಾಡಿಗೆ ಎಂದಳು. ಅವಳ ಮನೆ ನನಗೆ ಗೊತ್ತು, ಸಂತೆಗೆ ಹೊಂದಿಕೊಂಡೇ ಇದೆ. ಹೂವಿನ ಬುಟ್ಟಿ ತಲೆಯ ಮೇಲೆ ಬರುತ್ತದೆ. ಗ್ಯಾಸಿನ ಸಿಲಿಂಡರಂತೂ ತೂಕದಲ್ಲಿ ಅಷ್ಟೇ ಇದ್ದು ಬೆಲೆಯಲ್ಲಿ ಮಾತ್ರ ಬೆಳೆಯಿತು. ನಾನೂ ಅಂಬುಜಾರೂ ಒಂದೇ ಕುಕ್ಕರಿನಲ್ಲಿ ಕೆಳಗೆ ನಮ್ಮ ಬೇಳೆ, ಮೇಲೆ ಅವರ ಅನ್ನ ಇಟ್ಟು ಎರಡು ಮನೆಯ ಅಡುಗೆ ಎಬ್ಬಿಸತೊಡಗಿದೆವು. ಸೀಟಿ ಯಾರ ಮನೆಯ ಲೆಕ್ಕಕ್ಕೆ ಎಂದು ಜಗಳವಾಗದಿರಲಿ ಎಂದು ಒಂದು ವಾರ ಅವರ ಒಲೆ, ಒಂದು ವಾರ ನಮ್ಮ ಒಲೆ. ಇವರು ಹಾಲು ಹಾಕದ ಚಹಾಕ್ಕೆ ಇಳಿದರು. ನನ್ನ ಚಹಾಕ್ಕೆ ಕೈ ಹಚ್ಚಿದರೆ ನೆಟ್ಟಗಾಗುವುದಿಲ್ಲ ಎಂದದ್ದರಿಂದ ಅದು ಉಳಿಯಿತು. ಇಷ್ಟೆಲ್ಲ ಉಳಿಸಿದ್ದು ಸೋಮವಾರಕ್ಕೆ. ತಿಂಗಳಿಗೆ ನಾಲ್ಕು ಸೋಮವಾರ. ಐದು ಬಂದ ತಿಂಗಳಲ್ಲಿ ಇವರ ಮುಖ ನೋಡಬೇಕಿತ್ತು.

ರುದ್ರೇಶ್ ಹೆಂಡತಿ ಪೂರ್ಣಿಮಾಳ ಜೊತೆ ವಡಪಳನಿಯಲ್ಲಿದ್ದಾನೆ. ಅವರಿಬ್ಬರೂ ತಮ್ಮ ಕಾರನ್ನು ಮಾರಿ ಮೆಟ್ರೋ ಹಿಡಿದಿದ್ದರು. ಇಲ್ಲೇ ಓದಿ ಬೆಳೆದವನು, ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ. ಪ್ರತಿ ಭಾನುವಾರ ಬಂದು, "ಅಪ್ಪಾ, ವಂಡಿಯೆ ವಿತ್ತುಡಲಾಂ," ಎನ್ನುವನು. ಗಾಡಿ ಮಾರಿಬಿಡೋಣ ಎಂದು. ಇವರು ಮಗನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಅವನ ಬಾಯಿ ಮುಚ್ಚಿಸುವರು.

ಅಷ್ಟರಲ್ಲಿ ಸರಕಾರದವರು ಸಾಧಾರಣ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಎಂದರು. ಒಳ್ಳೆಯದೇ ಮಾಡಿದರು, ನಾನು ಬೇಡ ಎನ್ನುವುದಿಲ್ಲ. ಆದರೆ ಆ ಸುದ್ದಿ ಕೇಳಿ ಇವರ ಮುಖ ಇಳಿಯಿತು. ತಾನು ಅಷ್ಟು ಕಷ್ಟಪಟ್ಟು ಕರೆದುಕೊಂಡು ಹೋಗುವ ಮೂವರನ್ನು ಸರಕಾರ ಪುಕ್ಕಟೆ ಒಯ್ಯುತ್ತದೆ ಎಂದರೆ ಯಾರಿಗಾದರೂ ಇಳಿಯುತ್ತದೆ. ಒಂದು ಸೋಮವಾರ ಬಸ್ಸಿಗೇ ಹೋಗೋಣ ಎಂದರು. ಹೋದೆವು. ನಾಲ್ವರಲ್ಲಿ ಟಿಕೆಟ್ ಕೊಂಡವರು ಇವರೊಬ್ಬರೇ, ಸೀಟು ಸಿಗದವರೂ ಇವರೊಬ್ಬರೇ. ಬಸ್ಸಿನಿಂದ ಬಸ್ಸಿಗೆ ಬದಲಾಯಿಸುವಾಗ ದಾಕ್ಷಾಯಿಣಿಯನ್ನು ನಾವಿಬ್ಬರು ಮೇಲಿನಿಂದ ಎಳೆದು, ಇವರು ಕೆಳಗಿನಿಂದ ಅವಳ ಚೀಲ ಹಿಡಿದು, ಕಂಡಕ್ಟರು ಸೀಟಿ ಊದಿ, ಅಂತೂ ತಿರುವೊಟ್ಟಿಯೂರು ಮುಟ್ಟಿದಾಗ ಮಧ್ಯಾಹ್ನದ ಬಾಗಿಲು ಹಾಕಿ ಗುಡಿ ಮುಚ್ಚಿತ್ತು. ಹೊರಗಿನಿಂದ ಗೋಪುರಕ್ಕೆ ಕೈ ಮುಗಿದು ಬಂದೆವು. ದಾಕ್ಷಾಯಿಣಿ ಮೂರು ದಿನ ಮಂಚ ಬಿಟ್ಟೇಳಲಿಲ್ಲ. ಮುಂದಿನ ಸೋಮವಾರ ಇವರು ಯಾರನ್ನೂ ಕೇಳದೆ ಗಾಡಿಯ ಹೊದಿಕೆ ತೆಗೆದರು.

ಆ ದಿನವೇ ಅಂಬುಜಾ ಒಂದು ತಪ್ಪು ಮಾಡಿದರು. ಇಳಿಯುವಾಗ ಒಂದು ನೋಟನ್ನು ಮಡಚಿ, ಮುಂದೆ ಇದ್ದ ವಿಭೂತಿ ಡಬ್ಬಿಯ ಕೆಳಗೆ ಸಿಕ್ಕಿಸಿದರು. ಪೆಟ್ರೋಲಿಗೆ ಇರಲಿ ಎಂದು. ಇವರು ನೋಡಿದರು. ನೋಟು ತೆಗೆದು, ಸುಕ್ಕು ಬಿಡಿಸಿ, ಅವರ ಕೈಗೇ ಕೊಟ್ಟರು.

"ಅಂಬುಜಮ್ಮಾ, ನಾ ಟ್ಯಾಕ್ಸಿ ಓಡಸಂಗಿಲ್ರಿ," ಎಂದರು.

ದನಿ ಏರಿಸಲಿಲ್ಲ. ಅಂಬುಜಾ ಮಾತ್ರ ಒಂದು ವಾರ ನಮ್ಮ ಮನೆಗೆ ಕುಕ್ಕರು ತರಲಿಲ್ಲ.

ಹಣ ಬೇಡ ಎನ್ನಬಹುದು, ರೊಟ್ಟಿ ಬೇಡ ಎನ್ನುವುದು ನಮ್ಮಲ್ಲಿ ಇಲ್ಲ. ಅಲ್ಲಿಂದ ಶುರುವಾಯಿತು ನೋಡಿ. ಪೆಟ್ರೋಲು ಏರಿದ ಹಾಗೆ ಗೆಳತಿಯರ ಡಬ್ಬಿಗಳೂ ದೊಡ್ಡದಾದವು. ದಾಕ್ಷಾಯಿಣಿ ಕಟಕ ರೊಟ್ಟಿಯ ದೊಡ್ಡ ಕಟ್ಟನ್ನೇ ಹೊತ್ತು ತಂದಳು, ಶೇಂಗಾ ಚಟ್ನಿಪುಡಿ ತಂದಳು, ಅಗಸಿ ಚಟ್ನಿಪುಡಿ ತಂದಳು. ಅಂಬುಜಾ ಪುಳಿಯೋಗರೆ ಗೊಜ್ಜು ತಂದರು, ಮುಗಿಯುವ ಮೊದಲೇ ಇನ್ನೊಂದು ಜಾಡಿ ತಂದರು. ಇಬ್ಬರೂ ತೆಂಗಿನಕಾಯಿ ತಂದರು. ಅಡುಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲದೆ ಕಾಯಿಗಳನ್ನು ಮಂಚದ ಕೆಳಗೆ ಉರುಳಿಸಿದೆ. ಮೂರು ಹೊತ್ತೂ ತೆಂಗಿನಕಾಯಿಯ ಅಡುಗೆ. ಇವರು ತಿಂದರು, ತಿಂದರು, ಒಂದು ದಿನ ಕಡುಬು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತರು. ಎದ್ದು ಹೋಗಿ ಮಂಚದ ಕೆಳಗೆ ಬಗ್ಗಿ ನೋಡಿದರು. ಪೇಟೆಯಲ್ಲಿ ಕಾಯಿಗೆ ಈಗ ಎಷ್ಟು ಎಂದು ಕೇಳಿದರು. ನಾನು ಗೊತ್ತಿಲ್ಲ ಎಂದೆ. ಗೊತ್ತಿತ್ತು.

"ಇವು ಕಾಯಿ ಅಲ್ಲ," ಎಂದರು. "ಇವು ಪೆಟ್ರೋಲು. ನನ್ನ ಗಾಡಿ ಮಂದಿಗೆ ಭಾರ ಆತು."

ಆ ಭಾನುವಾರ ರುದ್ರೇಶ್ ಬಂದು ಯಥಾಪ್ರಕಾರ ಗಾಡಿಯ ಮಾತೆತ್ತಿದಾಗ ಇವರು ಅವನ ತಟ್ಟೆಗೆ ರೊಟ್ಟಿ ಹಾಕಲಿಲ್ಲ. ಆಗಲಿ ಎಂದರು. ವಡಪಳನಿಯ ಸ್ಟುಡಿಯೋದಲ್ಲಿ ಲೈಟಿನ ಕೆಲಸ ಮಾಡುವ ಒಬ್ಬರು ಹಳೆಯ ಗಾಡಿ ಹುಡುಕುತ್ತಿದ್ದರಂತೆ, ಮುಂದಿನ ವಾರದ ಬುಧವಾರ ಬಂದು ನೋಡುವುದು ಎಂದಾಯಿತು. ಮಗನಿಗೆ ಖುಷಿಯೋ ಖುಷಿ. ನಾನು ಪಾತ್ರೆ ತಿಕ್ಕುವ ನೆಪದಲ್ಲಿ ಒಳಗೆ ಹೋದೆ.

ಮಾರುವ ಗಾಡಿಯಲ್ಲಿ ಎಣ್ಣೆ ಬಿಡಬಾರದು ಎಂಬುದು ಇವರ ನಿಯಮ. ಕೊಳ್ಳುವವನಿಗೆ ಗಾಡಿ ಕೊಡಬೇಕು, ಪೆಟ್ರೋಲು ಯಾಕೆ ಕೊಡಬೇಕು? ಹಿಂದೆ ಸ್ಕೂಟರ್ ಮಾರಿದಾಗ ಅದು ಬೀದಿಯ ತಿರುವಿನಲ್ಲೇ ನಿಂತು, ಕೊಂಡವನು ತಳ್ಳಿಕೊಂಡು ಹೋಗಿದ್ದ. ಈಗಲೂ ಮರುದಿನದ ಸೋಮವಾರ ಮುಗಿಯುವ ಹೊತ್ತಿಗೆ ಪೆಟ್ರೋಲಿನ ಮುಳ್ಳು ಕೆಳಗಿನ ಕೆಂಪು ಗೆರೆಗೆ ಬರುವಂತೆ ಲೆಕ್ಕ ಹಾಕಿ, ಆಮೇಲೆ ಗಾಡಿ ಓಡಿಸುವುದನ್ನೇ ಬಿಟ್ಟರು. ಆದರೆ ಬೆಳಿಗ್ಗೆ ಪೇಪರ್ ಬಂದ ಕೂಡಲೇ ಕೆಳಗೆ ಹೋಗುವರು. ನಾನು ಬಾಲ್ಕನಿಯಿಂದ ಬಗ್ಗಿ ನೋಡಿದೆ. ಇಂಜಿನ್ ಹಚ್ಚದೆ, ಡ್ರೈವರ್ ಸೀಟಿನಲ್ಲಿ ಕೂತು, ಸ್ಟಿಯರಿಂಗಿನ ಮೇಲೆ ಪೇಪರ್ ಹರವಿಕೊಂಡು ಓದುತ್ತಿದ್ದರು. ಓದುತ್ತಲೂ ಇರಲಿಲ್ಲ. ಮೊದಲ ಪುಟ ಬಹಳ ಹೊತ್ತಾದರೂ ತಿರುವಲಿಲ್ಲ. ಗಾಡಿ ಹೋದಮೇಲೆ ಈ ಮನುಷ್ಯ ಎಲ್ಲಿ ಹೋಗಿ ಕೂರುತ್ತಾರೆ ಎಂದು ನನಗೆ ಅಳು ಬಂತು. ಹಿಂದೆಯೇ ಸಿಟ್ಟೂ ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಹೂವಿನವಳ ಮೇಲೆ ತೀರಿಸಿಕೊಂಡೆ.

ದಾಕ್ಷಾಯಿಣಿಗೆ ಫೋನ್ ಮಾಡಿ ಹೇಳಿದೆ, ಬುಧವಾರ ಗಾಡಿ ಹೋಗುತ್ತದೆ, ಈ ಸೋಮವಾರವೇ ಕಡೆಯದು ಎಂದು. ಅವಳು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡಳು. ಅವಳ ಮಟ್ಟಿಗೆ ಅದು ದೊಡ್ಡ ಸಂಗತಿ.

"ಹಂಗಾದ್ರ ಅಕಿನ್ನ ಬರೇ ಉಡೀಲೆ ಕಳಸಬ್ಯಾಡವಾ," ಎಂದಳು. "ಮನಿ ಮಗಳು ಹೊಂಟಾಗ ಉಡಿ ತುಂಬಲಾರದ ಕಳಸ್ತಾರೇನು?"

ನಾನು ನಕ್ಕೆ. ಅವಳು ನಗಲಿಲ್ಲ. ಅಂಬುಜಾರಿಗೆ ಉಡಿ ಎಂದರೆ ತಿಳಿಯಲಿಲ್ಲ. ಹೆಣ್ಣುಮಗಳ ಸೆರಗಿನಲ್ಲಿ ಅಕ್ಕಿ, ಕಾಯಿ, ಉತ್ತತ್ತಿ, ಕುಪ್ಪಸದ ಖಣ ಹಾಕಿ ಹರಸುವುದು ಎಂದು ಬಿಡಿಸಿ ಹೇಳಿದಾಗ, ಓ, ನಮ್ಮ ಕಡೆ ಮಡಿಲು ತುಂಬೋದು ಅಂತೀವಿ ಎಂದರು. ಆದರೆ ಮಾರುತಿ ಕಾರಿಗೆ ಉಡಿ ಎಲ್ಲಿ ಬರುತ್ತದೆ ಎಂಬುದರ ಮೇಲೆ ಚರ್ಚೆಯಾಯಿತು. ನಾನು ಡಿಕ್ಕಿ ಎಂದೆ. ಡಿಕ್ಕಿ ಬೆನ್ನ ಹಿಂದಿರುತ್ತದೆ, ಉಡಿ ಬೆನ್ನಿಗಿರುತ್ತದೆಯೇ ಎಂದು ದಾಕ್ಷಾಯಿಣಿ ಬೈದಳು. ಕಡೆಗೆ ಅಂಬುಜಾ, ವಂಡಿಗೆ ಹೊಟ್ಟೆ ಎಲ್ಲಿದೆಯೋ ಅಲ್ಲೇ ಮಡಿಲು ಅಲ್ವಾ ಎಂದರು. ಅಷ್ಟು ಹೇಳಿ ಕಣ್ಣು ಕೆಳಗೆ ಹಾಕಿದರು. ಮೂವರಿಗೂ ಅರ್ಥವಾಯಿತು. ಹಣವನ್ನು ಇವರು ವಾಪಸ್ ಕೊಡಬಹುದು. ಉಡಿಯನ್ನು ವಾಪಸ್ ಕೊಡುವ ಗಂಡಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ಸೋಮವಾರ ಹೊರಟೆವು. ಕಡೆಯ ಸಲ ಹೋಗಿಬರುವಷ್ಟು ಮಾತ್ರ ಹಾಕಿಸಿ, ಬುಧವಾರಕ್ಕೆ ಮುಳ್ಳು ಮತ್ತೆ ಕೆಂಪಿಗೆ ಬರಬೇಕೆಂದು ಲೆಕ್ಕ ಮಾಡಿಕೊಂಡು ಇವರು ಗಾಡಿಯನ್ನು ಬಂಕಿಗೆ ತಿರುಗಿಸಿದರು. ನಿಂತಿತೋ ಇಲ್ಲವೋ ನಾವು ಮೂವರೂ ಇಳಿದೆವು. ದಾಕ್ಷಾಯಿಣಿ ಸ್ಟೀಲಿನ ತಾಟು ತೆಗೆದಳು. ಅದರಲ್ಲಿ ಅಕ್ಕಿ, ಎರಡು ಕಾಯಿ, ಉತ್ತತ್ತಿ, ಅರಿಶಿನದ ಬೇರು, ಹಸಿರು ಖಣ. ಇವರು ಕನ್ನಡಿಯಲ್ಲಿ ನಮ್ಮನ್ನು ನೋಡುತ್ತ ಕೂತೇ ಇದ್ದರು, ಹೆಂಗಸರು ಗುಡಿಯ ಪೂಜೆಗೆ ಏನೋ ಜೋಡಿಸಿಕೊಳ್ಳುತ್ತಿದ್ದಾರೆ ಎಂದುಕೊಂಡಿರಬೇಕು. ನಾನು ಪೆಟ್ರೋಲಿನ ಮುಚ್ಚಳದ ಸುತ್ತ ಅರಿಶಿನ ಕುಂಕುಮ ಹಚ್ಚಿದೆ. ಅಂಬುಜಾ ನಾಲ್ಕು ಹೆಜ್ಜೆ ಹಿಂದೆ ನಿಂತರು. ಗಂಡ ಇಲ್ಲದವಳು ತಾನು, ದೂರ ಇರುತ್ತೇನೆ ಎಂದರು. ದಾಕ್ಷಾಯಿಣಿ ಅವರ ಕೈಹಿಡಿದು ಮುಂದೆ ಎಳೆದಳು.

"ಗಾಡಿಗೆ ಅದೆಲ್ಲಾ ಗೊತ್ತಾಗಂಗಿಲ್ರಿ ಅಂಬುಜಮ್ಮಾ," ಎಂದಳು. "ಗೊತ್ತಾಗಾಕ ಅದೇನ ಮನಷ್ಯಾ ಏನ್ರಿ?"

ಅಂಬುಜಾ ಕುಂಕುಮ ಹಚ್ಚಿದರು. ಇಷ್ಟರಲ್ಲಿ ದಾಕ್ಷಾಯಿಣಿ ಆರತಿಗೆಂದು ಕರ್ಪೂರ ತೆಗೆದಳು, ಬಂಕಿನ ಮೇಲ್ವಿಚಾರಕ ಎಲ್ಲಿದ್ದನೋ ಏನೋ, ಓಡಿಬಂದು ಬೆಂಕಿಪೆಟ್ಟಿಗೆ ಕಸಿದುಕೊಂಡ. ಬೆಂಕಿಯಿಲ್ಲದ ಆರತಿ ಆಯಿತು. ಪೆಟ್ರೋಲು ಹಾಕುವ ಹೆಣ್ಣುಮಗಳು ಎಷ್ಟಕ್ಕೆ ಎಂದು ತಮಿಳಿನಲ್ಲಿ ಕೇಳಿದಳು. ದಾಕ್ಷಾಯಿಣಿ ಉಡಿ ತುಂಬವಾ ಎಂದಳು. ಉಡೈ ಎಂದರೆ ತಮಿಳಿನಲ್ಲಿ ಒಡೆ. ಆ ಹುಡುಗಿ ಗಾಡಿಯಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಅಂಬುಜಾ ನಡುವೆ ಬಂದು ಚೆಂದದ ತಮಿಳಿನಲ್ಲಿ, ನಾವು ಸಾಕು ಎನ್ನುವವರೆಗೂ ಹಾಕುತ್ತಿರಮ್ಮ ಎಂದು ತಿಳಿಸಿದರು. ಪೈಪು ಒ‌ಳಗೆ ಹೋಯಿತು.

ಮೀಟರಿನ ಅಂಕಿ ತಿರುಗುವುದನ್ನು ಇವರು ಕನ್ನಡಿಯಲ್ಲಿ ಕಂಡರು. ತಾವು ಏನೂ ಹೇಳುವ ಮೊದಲೇ ತಿರುಗುತ್ತಿದೆ. ಬಾಗಿಲು ತೆಗೆದು ಹೊರಗೆ ಹಾರಿದರು. ಇಷ್ಟು ವರ್ಷ ಇದೇ ಊರಿನಲ್ಲಿ ತಮಿಳಿನಲ್ಲೇ ಪಾಲಿಸಿ ಮಾಡಿಸಿದ ಮನುಷ್ಯ. ತಮಿಳರಿಗೆ ಸಾಕು ಎನ್ನಬೇಕಾದರೆ 'ಪೋದುಂ' ಎನ್ನಬೇಕು, ಅಷ್ಟೇ. ಆ ಒಂದು ಮಾತು ಆ ಹೊತ್ತಿಗೆ ಬಾಯಿಗೆ ಬರಲಿಲ್ಲ.

"ಸಾಕು! ಏ, ಸಾಕು, ಸಾಕು!" ಎಂದು ಕೂಗಿದರು.

ತಮಿಳಿನಲ್ಲಿ ಸಾಕ್ಕು ಎಂದರೆ ಗೋಣಿಚೀಲ. ಹುಡುಗಿ ತಾಟಿನಲ್ಲಿದ್ದ ಕಾಯಿ ಅಕ್ಕಿ ನೋಡಿದಳು, ಇವರ ಗಾಬರಿ ನೋಡಿದಳು, ಪಾಪ, ಹಿರಿಯರಿಗೆ ಚೀಲ ಬೇಕಾಗಿದೆ ಎಂದುಕೊಂಡಳು. ಪೈಪನ್ನು ಹಾಗೇ ಬಿಟ್ಟು, ಸಾರ್‌ಗೆ ಒಂದು ಸಾಕ್ಕು ಕೊಂಡು ಬಾ ಎಂದು ಒಳಗಿನವನಿಗೆ ಕೂಗಿದಳು. ಇವರು ಮತ್ತೂ ಜೋರಾಗಿ ಸಾಕು ಎಂದರು. ಅವಳು ಮತ್ತೂ ಜೋರಾಗಿ, ಬರುತ್ತಿದೆ ಸಾರ್ ಎಂದಳು. ಅಂಬುಜಾರಿಗೆ ಎರಡು ಭಾಷೆಯೂ ಬರುತ್ತದೆ. ಅವರು ಬಾಯಿಗೆ ಸೆರಗು ಹಿಡಿದು ಆಕಾಶ ನೋಡುತ್ತಿದ್ದರು. ನಾನೂ ನೋಡಿದೆ. ಗೋಣಿಚೀಲ ಬಂದು ಇವರ ಕೈ ಸೇರಿತು, ಅದೇ ಹೊತ್ತಿಗೆ ಪೈಪು ಟಕ್ ಎಂದು ತಾನೇ ನಿಂತಿತು. ಟ್ಯಾಂಕು ಕಂಠಮಟ್ಟ ತುಂಬಿತ್ತು. ಕೊಂಡಾಗಿನಿಂದ ಆ ಗಾಡಿ ಅಷ್ಟು ಪೆಟ್ರೋಲು ಕಂಡದ್ದಿಲ್ಲ.

ಇವರು ಜೇಬಿಗೆ ಕೈ ಹಾಕಿದರು. ದಾಕ್ಷಾಯಿಣಿ ಅಡ್ಡ ಬಂದಳು. ಉಡಿ ತುಂಬಿದ್ದು ತವರಿನವರು, ರೊಕ್ಕ ಕೊಡುವವರು ನೀವ್ಯಾರು ಅಣ್ಣಾರ ಎಂದಳು. ಮೂವರ ಪರ್ಸೂ ತೆರೆದವು, ಅಂಬುಜಾ ಎಣಿಸಿ ಕೊಟ್ಟರು. ಇವರು ಚೀಲ ಹಿಡಿದುಕೊಂಡು ನಿಂತಿದ್ದರು. ಉಡಿ ಎಂಬ ಮಾತು ಕೇಳಿ ಜೇಬಿನ ಕೈ ಹೊರಗೆ ತೆಗೆದರು. ಕಾಯಿ, ಅಕ್ಕಿ, ಖಣವನ್ನೆಲ್ಲ ಆ ಚೀಲಕ್ಕೇ ಹಾಕಿಕೊಂಡು ಡಿಕ್ಕಿಯಲ್ಲಿ ಇಟ್ಟರು.

ನಾನು ಹತ್ತಲು ಹೋದೆ. ದಾಕ್ಷಾಯಿಣಿ ಬಾಗಿಲಿಗೆ ಅಡ್ಡ ನಿಂತಿದ್ದಳು, ಆ ಮೊಣಕಾಲಿನಲ್ಲೂ. ಉಡಿ ತುಂಬಿದಮೇಲೆ ಒಡಪು ಆಗಬೇಕು, ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದಳು. ಹಿಂದೆ ಒಂದು ಆಟೋ, ಎರಡು ಬೈಕು, ಒಂದು ನೀರಿನ ಲಾರಿ ಹಾರನ್ ಹೊಡೆಯುತ್ತಿದ್ದವು. ನಲವತ್ತು ವರ್ಷದ ಹಿಂದೆ ಹೊಸ್ತಿಲಲ್ಲಿ ನಿಂತ ಹಾಗೇ ನಿಂತೆ. ಈ ಸಲ ನನ್ನ ಪರವಾಗಿ ಹೇಳಲು ಅತ್ತೆಯವರಿರಲಿಲ್ಲ. ಇವರು ಬಂಕಿನ ದರದ ಬೋರ್ಡನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದರು. ಆ ಬೆನ್ನು ನೋಡಿದೆ. ಎಲ್ಲಿಂದ ಬಂತೋ, ಬಂತು.

"ಇಳಿಜಾರಿನ್ಯಾಗ ಇಂಜಿನ್ ಬಂದ್, ಸಿಗ್ನಲ್ಲಿನ್ಯಾಗ ಎ.ಸಿ. ಬಂದ್,
ಎಲ್ಲಾ ಬಂದ್ ಆದ್ರೂ ನಮ್ಮನ್ನ ಕರಕೊಂಡು ಹೋಗಾಕ ಚನ್ನವೀರಪ್ಪನವರು ಬಂದ್ರು."

ದಾಕ್ಷಾಯಿಣಿ ದಾರಿ ಬಿಟ್ಟಳು. ಇವರು ತಿರುಗಲಿಲ್ಲ. ಕಿವಿ ಮಾತ್ರ ಕೆಂಪಗಾಗಿದ್ದವು. ಬರ್ರಿ, ಕೂಡ್ರಿ, ಗುಡಿ ಮುಚ್ಚತಾರ ಎಂದು ಗಾಡಿಗೆ ಹೇಳಿದಂತೆ ಹೇಳಿ ಒಳಗೆ ಕೂತರು. ಆ ದಿನ ಕತ್ತಿಪಾರಾದ ನೆತ್ತಿಯಿಂದ ಇಳಿಯುವಾಗ ಇಂಜಿನ್ ಆರಿಸಲಿಲ್ಲ. ಪಂಚಾಕ್ಷರಿ ಶುರು ಮಾಡಿದ್ದ ದಾಕ್ಷಾಯಿಣಿ ನಡುವೆಯೇ ನಿಲ್ಲಿಸಿದಳು.

ಬುಧವಾರ ರುದ್ರೇಶ್ ರಜೆ ಹಾಕಿ ಆ ವಡಪಳನಿಯವರನ್ನು ಕರೆತಂದ. ಒಳ್ಳೆಯ ಮನುಷ್ಯ. ಗಾಡಿ ನೋಡಿದರು, ಮೆಚ್ಚಿದರು, ಮುಚ್ಚಳದ ಸುತ್ತ ಇದ್ದ ಕುಂಕುಮ ನೋಡಿ ಕೈಯನ್ನೂ ಮುಗಿದರು. ಇವರು ಕೀಲಿ ಕೊಡಲಿಲ್ಲ. ಟ್ಯಾಂಕು ತುಂಬಿದೆ, ಖಾಲಿಯಾದಮೇಲೆ ತಿಳಿಸುತ್ತೇನೆ ಎಂದರು. ಅವರು ನಕ್ಕು, ಅದಕ್ಕೇನು ಸಾರ್, ಗಾಡಿಯ ರೇಟಿನ ಮೇಲೆ ಪೆಟ್ರೋಲಿನದೂ ಸೇರಿಸಿ ಕೊಡುತ್ತೇನೆ ಎಂದರು. ನ್ಯಾಯವಾದ ಮಾತು. ಇವರ ನಿಯಮಕ್ಕೂ ಸರಿಯಾಗಿತ್ತು. ಅದಾನ್ ಕುಡುಕ್ಕಿರಾರೇ ಅಪ್ಪಾ, ಕೊಡುತ್ತಾರಲ್ಲ, ಇನ್ನೇನು ಎಂದು ರುದ್ರೇಶ್ ಅಂಗೈ ಚಾಚಿದ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

ಇವರು ಮಗನನ್ನು ನೋಡಿದರು.

"ಉಡ್ಯಾಗಿನ ಅಕ್ಕಿ ಯಾರರ ಮಾರತಾರೇನೋ?" ಎಂದರು.

ರುದ್ರೇಶನಿಗೆ ಅರ್ಥವಾಗಲಿಲ್ಲ, ನನ್ನ ಕಡೆ ತಿರುಗಿದ. ಆಮೇಲೆ ಹೇಳುತ್ತೇನೆಂದು ಕೈಸನ್ನೆ ಮಾಡಿದೆ. ಬಂದವರಿಗೆ ಚಹಾ ಕೊಟ್ಟೆ, ಜೊತೆಗೆ ಎರಡು ತೆಂಗಿನಕಾಯಿ ಕೊಟ್ಟು ಕಳಿಸಿದೆ. ಇವರು ಕೀಲಿಯನ್ನು ಮೊಳೆಗೆ ನೇತುಹಾಕಿ, ನನ್ನ ಕಡೆ ನೋಡದೆ, ದಾಕ್ಷಾಯಿಣಿಗೆ ಫೋನ್ ಹಚ್ಚು, ಸೋಮವಾರ ಲಗೂನ ತಯಾರಾಗು ಅನ್ನು ಎಂದರು.